ಅವಸರವೇನಿಲ್ಲ, ನಿಧಾನವಾಗಿ ಬನ್ನಿ: ರಜೆಗೆ ಹೋದ ಗಾಯನವೃಂದಕ್ಕೊಂದು ಬಹಿರಂಗ ಪತ್ರ

ನಮ್ಮ ಧರ್ಮಕೇಂದ್ರದ ಗಾಯನವೃಂದದ ಸಮಸ್ತ ಸದಸ್ಯರಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಊಟಿ, ಗೋವಾ, ವೇಳಾಂಕಣಿ, ಅಜ್ಜಿ ಮನೆ, ದುಬೈಯಲ್ಲಿರುವ ಅಣ್ಣನ ಮನೆ ಮುಂತಾದ ಕಡೆ ಕ್ಷೇಮವಾಗಿದ್ದೀರೆಂದು ವಾಟ್ಸ್ಆ್ಯಪ್ ಸ್ಟೇಟಸ್ಸುಗಳಿಂದ ತಿಳಿದು ಸಂತೋಷವಾಯಿತು. ಪಾಸ್ಖ ಹಬ್ಬದ ಪೂಜೆ ಮುಗಿದು ಹೊರಗೆ ಕೇಕು ಹಂಚುವಷ್ಟರಲ್ಲಿ ನೀವು ಮೈಕಿನ ವಯರು ಸುತ್ತಿಟ್ಟು ಹೊರಟ ವೇಗವನ್ನು ಕಂಡು ನಾವೆಲ್ಲ ಬೆರಗಾದೆವು. ಮುಂದಿನ ಭಾನುವಾರ ಬೆಳಿಗ್ಗೆ, ಇನ್ನೂ ಮಬ್ಬುಗತ್ತಲಿರುವಾಗಲೇ ಬಂದ ಕೆಲವು ಹೆಂಗಸರು ನಿಮ್ಮ ಜಾಗದಲ್ಲಿ ಇಣುಕಿ ನೋಡಿದರು. ಕೀಬೋರ್ಡಿನ ಬಟ್ಟೆ ಮಡಿಸಿಟ್ಟಿತ್ತು, ಒಳಗೆ ಯಾರೂ ಇರಲಿಲ್ಲ. ಖಾಲಿ ಸಮಾಧಿಯ ಪಾಠವನ್ನು ಇಷ್ಟು ಮನದಟ್ಟಾಗುವಂತೆ ಯಾವ ಉಪದೇಶಿಯೂ ನಮಗೆ ಮಾಡಿರಲಿಲ್ಲ.

ಇದು ದೂರಿನ ಪತ್ರವೆಂದು ದಯವಿಟ್ಟು ತಿಳಿಯಬೇಡಿ, ಅಭಿನಂದನೆಯದು. ನೀವಿಲ್ಲದ ಬೇಸಿಗೆಯಲ್ಲಿ ಪೂಜೆಯ ಸಂಗೀತದ ಗತಿಯೇನು ಎಂದು ಚರ್ಚಿಸಲು ಪಾಲನಾ ಮಂಡಳಿ ಸಭೆ ಸೇರಿತ್ತು. ಬೋಂಡಾ, ಕಾಫಿ, ಸಲಹೆ ಮೂರೂ ಧಾರಾಳವಾಗಿ ಬಂದವು. ಅವನ್ನು ನಿಮ್ಮ ಗಮನಕ್ಕೆ ತಂದು, ನನ್ನದೊಂದು ವಿನಂತಿಯನ್ನೂ ಸೇರಿಸೋಣವೆಂದು ಬರೆಯುತ್ತಿದ್ದೇನೆ. ಎಡಗಡೆಯ ಬೆಂಚಿನಲ್ಲಿ ಕೂರುವ, ಹಾಡಲು ಬಾರದಿದ್ದರೂ ಹಾಡುವ ಚಟವಿರುವ ಒಬ್ಬ ವಿಶ್ವಾಸಿಯ ಮಾತೆಂದು ಓದಿಕೊಳ್ಳಿ.

ಮೊದಲು ನಿಮ್ಮ ಸಮಯಪ್ರಜ್ಞೆಗೊಂದು ನಮಸ್ಕಾರ. ಪಾಪ, ಯೂರೋಪಿನ ಕ್ವಾಯರುಗಳ ಅವಸ್ಥೆ ನೋಡಿ. ಅವರ ಬೇಸಿಗೆ ರಜೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಪಾಸ್ಖ, ಪಂಚಾಶತ್ತಮ ಎಲ್ಲ ಮುಗಿದು ಪಂಚಾಂಗದಲ್ಲಿ ಸಾಧಾರಣ ಕಾಲ ನಡೆದಿರುತ್ತದೆ. ಗುರುಗಳು ವಾರದ ಮೇಲೆ ವಾರ ಹಸಿರು ವಸ್ತ್ರ ಉಟ್ಟು ಬರುತ್ತಾರೆ, ದೊಡ್ಡ ಹಬ್ಬಗಳು ಅಪರೂಪ. ಧರ್ಮಸಭೆಯೇ ಕಾಲು ಚಾಚಿ ಕೂತಿರುವ ಹೊತ್ತಿನಲ್ಲಿ ಅವರೂ ಕಾಲು ಚಾಚುತ್ತಾರೆ. ಇಂಗ್ಲೆಂಡಿನ ದೊಡ್ಡ ಕೆಥೆಡ್ರಲ್‌ಗಳಲ್ಲಿ ಸ್ಥಳೀಯ ಹುಡುಗರು ರಜೆಯಲ್ಲಿದ್ದಾಗ ಬೇರೆ ಊರಿನ ಕ್ವಾಯರುಗಳು ಬಂದು ಒಂದೊಂದು ವಾರ ಹಾಡಿ ಹೋಗುವ ಪದ್ಧತಿಯೂ ಇದೆ. ಇದರಲ್ಲಿ ಸಾಹಸವೆಲ್ಲಿದೆ, ಹೇಳಿ?

ನಮ್ಮದು ಹಾಗಲ್ಲ. ಪಂಚಾಂಗ ರೋಮಿನದು, ರಜೆ ಶಿಕ್ಷಣ ಇಲಾಖೆಯದು. ತಪಸ್ಸು ಕಾಲದಲ್ಲಿ ಅಲ್ಲೆಲೂಯ ಹಾಡುವಂತಿಲ್ಲ, ಭಾನುವಾರಗಳಲ್ಲಿ ಮಹಿಮಾಗೀತೆ ಇಲ್ಲ, ವಾದ್ಯಗಳೂ ಹಾಡಿಗೆ ಆಸರೆಯಾಗುವಷ್ಟೇ ನುಡಿಯಬೇಕೆಂಬ ನಿಯಮವಿದೆ. ಪವಿತ್ರ ಗುರುವಾರದ ಮಹಿಮಾಗೀತೆಗೆ ಮೊಳಗಿದ ಗಂಟೆ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೆ ಬಾಯಿ ಬಿಡುವುದಿಲ್ಲ. ಹೀಗೆ ಹಾಡು ಕಡಿಮೆ ಇರಲಿ ಎಂದು ಧರ್ಮಸಭೆ ಹೇಳುವ ಅಷ್ಟೂ ದಿನ ನೀವು ಪೂರ್ಣ ಬಲದಲ್ಲಿದ್ದು ಎರಡೆರಡು ಗಿಟಾರು, ಒಂದು ಡ್ರಮ್ ಪ್ಯಾಡ್ ಸಮೇತ ಸೇವೆ ಸಲ್ಲಿಸಿದಿರಿ. ಆಮೇಲೆ ಕಟ್ಟಿಟ್ಟ ಅಲ್ಲೆಲೂಯ ಬಿಚ್ಚಿಕೊಳ್ಳುತ್ತದೆ. ಇನ್ನು 50 ದಿನ ಎದೆ ತುಂಬ ಹಾಡಿ, ಇಡೀ ವರ್ಷದಲ್ಲಿ ಹಾಡಿಗೆಂದೇ ಇರುವ ಕಾಲವಿದು ಎಂದು ಧರ್ಮಸಭೆ ಹೇಳುತ್ತದೆ. ಈ ವರ್ಷ, ಅಂದರೆ 2026ರಲ್ಲಿ, ಪಾಸ್ಖ ಬಂದದ್ದು ಏಪ್ರಿಲ್ 5ಕ್ಕೆ, ಪಂಚಾಶತ್ತಮ ಹಬ್ಬ ಮೇ 24ಕ್ಕೆ. ಸ್ಕೂಲುಗಳ ಬೇಸಿಗೆ ರಜೆಯ ಪಕ್ಕದಲ್ಲಿಟ್ಟು ನೋಡಿ. ಜೋಯಿಸರು ಕೂತು ಗುಣಿಸಿದ್ದರೂ ಇಷ್ಟು ಕರಾರುವಾಕ್ಕಾಗಿ ಕೂಡಿ ಬರುತ್ತಿರಲಿಲ್ಲ. ಹಾಡಬೇಡಿ ಅಂದಾಗ ಹಾಡಿ, ಹಾಡಿ ಅಂದಾಗ ಊರು ಬಿಡುವ ಈ ಸೂಕ್ಷ್ಮ ಎಲ್ಲರಿಗೂ ಒಲಿಯುವಂಥದ್ದಲ್ಲ.

ಈಗ ಸಭೆಯ ವಿಚಾರ. ಮೊದಲ ಸಲಹೆ ಕೊಟ್ಟವನು ಯುವಕ ಸಂಘದ ಹುಡುಗ. ಒಂದು ಪೆನ್‌ಡ್ರೈವ್ ಸಾಕು, ಯೂಟ್ಯೂಬಿನಲ್ಲಿ ಎಲ್ಲ ಹಾಡುಗಳ ಟ್ರ್ಯಾಕ್ ಸಿಗುತ್ತದೆ, ದನಿ ಬೇಕಾದರೆ ದನಿಯೊಂದಿಗೆ, ಬೇಡವಾದರೆ ಬರೀ ವಾದ್ಯ, ಪರದೆಯ ಮೇಲೆ ಸಾಹಿತ್ಯ, ಖರ್ಚು ಸೊನ್ನೆ ಎಂದ. ಸಭೆಗೆ ಹಿಡಿಸಿತು. ಪೆನ್‌ಡ್ರೈವಿಗೆ ಅಜ್ಜಿ ಮನೆಯಿಲ್ಲ, ಅಭ್ಯಾಸಕ್ಕೆ ತಡವಾಗಿ ಬರುವುದಿಲ್ಲ, ಸೋಲೋ ಯಾರಿಗೆ ಎಂಬ ಜಗಳವೂ ಇಲ್ಲ. ಆದರೆ ನಮ್ಮ ಫಾದರ್ ಕನ್ನಡಕ ಏರಿಸಿ ಹಳೆಯದೊಂದು ವಿಷಯ ತೆಗೆದರು. 12ನೇ ಪಯಸ್ ಜಗದ್ಗುರುಗಳ ಕಾಲದಲ್ಲಿ, 1958ರ ಸೆಪ್ಟೆಂಬರ್ 3ರಂದು, ಅಂದರೆ ಅವರು ತೀರಿಕೊಳ್ಳುವುದಕ್ಕೆ ಒಂದು ತಿಂಗಳ ಮೊದಲು, ರೋಮಿನಿಂದ ಪವಿತ್ರ ಸಂಗೀತದ ಬಗ್ಗೆ ಒಂದು ಸೂಚನೆ ಹೊರಟಿತ್ತು. ಗ್ರಾಮಫೋನು, ರೇಡಿಯೊ, ಟೇಪ್ ರೆಕಾರ್ಡರು ಮುಂತಾದ ತಾವೇ ನುಡಿಯುವ ಯಂತ್ರಗಳನ್ನು ಪೂಜಾವಿಧಿಯಲ್ಲಿ ಬಳಸಲೇಬಾರದು ಎಂದು ಅದರಲ್ಲಿದೆ. ಪೂಜೆಯ ಹೊರಗೆ ಜನರಿಗೆ ಹಾಡು ಕಲಿಸಲು ಬಳಸಬಹುದು, ಬೀದಿಯ ಮೆರವಣಿಗೆಗೂ ಅಡ್ಡಿಯಿಲ್ಲ. ಪೀಠದ ಮುಂದೆ ಮಾತ್ರ ಮನುಷ್ಯನೇ ಹಾಡಬೇಕು, ಮನುಷ್ಯನೇ ನುಡಿಸಬೇಕು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಹಂಗಾದ್ರೆ ಫಾದರ್, ನಮ್ಮ ಕೀಬೋರ್ಡ್ ಒಳಗೆ ತಾನೇ ಬಡಿಯೋ ಡ್ರಮ್ಮು?"

ಸಭೆ ಮೌನವಾಯಿತು. ಬೋಂಡಾದ ತಟ್ಟೆ ಇನ್ನೊಂದು ಸುತ್ತು ಬಂತು. ಎಡಗೈಯ ಒಂದು ಬೆರಳಿಟ್ಟರೆ ಬೇಸ್ ಗಿಟಾರು, ಪಿಟೀಲು, ತಾಳ ಎಲ್ಲವನ್ನೂ ಹೊರಡಿಸುವ ನಿಮ್ಮ ಆ ಕೀಬೋರ್ಡನ್ನು ಕಂಡರೆ ನನಗೆ ಅಪಾರ ಗೌರವ. ಬೇಸಿಗೆಯಲ್ಲಂತೂ ಅದು ಸ್ಥಿತಪ್ರಜ್ಞ. ಒಣ ಬಿಸಿಲಿಗೆ ತಬಲದ ಚರ್ಮ ಬಿಗಿದು ಶ್ರುತಿ ಮೇಲೇರುತ್ತದೆ, ಗಿಟಾರಿನ ತಂತಿ ಕಾದು ಹಿಗ್ಗಿ ಶ್ರುತಿ ಕೆಳಗಿಳಿಯುತ್ತದೆ. ಕೊಳವೆಗಳ ದೊಡ್ಡ ಆರ್ಗನ್ನಿನಲ್ಲೂ 10 ಡಿಗ್ರಿ ಸೆಖೆ ಏರಿದರೆ ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು ಶ್ರುತಿ ಏರುತ್ತದೆ, ಏಕೆಂದರೆ ಕಾದ ಗಾಳಿಯಲ್ಲಿ ಶಬ್ದದ ಓಟವೇ ಹೆಚ್ಚು. ಕೀಬೋರ್ಡಿಗೆ ಮಾತ್ರ ಬಿಸಿಲೂ ಒಂದೇ, ಮಳೆಯೂ ಒಂದೇ. ಶಿಲುಬೆ ಹಾದಿಗೂ ಅದೇ ಎಂಟು ಬೀಟು, ಮದುವೆಗೂ ಅದೇ ಎಂಟು ಬೀಟು. ಅಲ್ಲೆಲೂಯಕ್ಕೆ ಒಮ್ಮೆ ತಪ್ಪಿ ಚಾ-ಚಾ-ಚಾ ಗುಂಡಿ ಒತ್ತಿಹೋಗಿ, ಪೀಠಬಾಲಕರು ಧೂಪಾರತಿಯನ್ನು ಅದೇ ಲಯದಲ್ಲಿ ತೂಗಿದ್ದನ್ನು ನಾವು ಮರೆತಿಲ್ಲ. ಅಂಥ ವಾದ್ಯವನ್ನು ಒಂದು ಹಳೆಯ ಸೂಚನೆಗೋಸ್ಕರ ಬಿಟ್ಟುಕೊಡುವುದು ಹೇಗೆ?

ಹಳೆಯ ಸೂಚನೆಗಳ ದಾರಿಯೇ ಅಪಾಯದ್ದು. ಇನ್ನೂ ಹಿಂದಕ್ಕೆ ಹೋದರೆ 10ನೇ ಪಯಸ್ ಜಗದ್ಗುರುಗಳ 1903ರ ನವೆಂಬರ್ 22ರ ಆದೇಶ ಸಿಗುತ್ತದೆ. ಅದು ಪಿಯಾನೊ, ಡ್ರಮ್ಮು, ತಾಳಗಳನ್ನು ಚರ್ಚಿನೊಳಗೆ ಬಿಡುವುದಿಲ್ಲ, ಹೆಂಗಸರನ್ನು ಕ್ವಾಯರಿನಲ್ಲಿ ಕೂರಿಸುವುದಿಲ್ಲ. ಅದನ್ನು ಪಾಲಿಸಿದರೆ ನಿಮ್ಮ ವೃಂದದಲ್ಲಿ ಉಳಿಯುವವರು ದನಿ ಒಡೆಯುವ ವಯಸ್ಸಿನ ಒಂದಿಬ್ಬರು ಹುಡುಗರು ಮಾತ್ರ. ಪುಣ್ಯಕ್ಕೆ ಆ ಕಟ್ಟುಪಾಡುಗಳು ಮುಂದೆ ಸಡಿಲಾದವು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ತಾಯ್ನುಡಿಗೂ ಆಯಾ ನಾಡಿನ ಸಂಗೀತಕ್ಕೂ ಬಾಗಿಲು ತೆರೆಯಿತು, ಕ್ವಾಯರುಗಳನ್ನು ಬೆಳೆಸಿ ಎಂದೂ ಹೇಳಿತು. ನೀವು ನಿಮ್ಮ ವಾರ್ಷಿಕೋತ್ಸವದ ಬ್ಯಾನರಿನಲ್ಲಿ ಹಾಕಿಸಿದ್ದು ಈ ಕೊನೆಯ ಭಾಗವನ್ನೇ. ಬ್ಯಾನರಿನ ಅಳತೆ ಸಾಲದೆ ಕೈಬಿಟ್ಟುಹೋದ ಮಾತೊಂದಿದೆ: ಹಾಡುವ ಪೂಜೆಗಳಲ್ಲಿ ನೆರೆದ ಸಭೆಯೆಲ್ಲ ತನ್ನ ಪಾಲಿನದನ್ನು ಹಾಡುವಂತೆ ನೋಡಿಕೊಳ್ಳಬೇಕು. ನಾಲ್ಕು ವರ್ಷದ ಮೇಲೆ, 1967ರ ಮಾರ್ಚ್‌ನಲ್ಲಿ ಬಂದ ಇನ್ನೊಂದು ಸೂಚನೆ ಇದನ್ನೇ ಬಿಡಿಸಿ ಹೇಳಿತು. ಹಾಡೆಲ್ಲವನ್ನೂ ಕ್ವಾಯರಿಗೇ ಒಪ್ಪಿಸಿ ಜನರನ್ನು ಪೂರ್ತಿ ಹೊರಗಿಡುವ ರೂಢಿ ಒಳ್ಳೆಯದಲ್ಲ ಎಂದಿತು. ಅದಾಗಿ ಹತ್ತಿರ ಹತ್ತಿರ 60 ವರ್ಷವಾಯಿತು. ರೋಮಿನ ಟಪಾಲು ನಿಧಾನ.

ಎರಡನೆಯ ಸಲಹೆ, ದುಡ್ಡು ಕೊಟ್ಟು ವಾದ್ಯಗೋಷ್ಠಿಯವರನ್ನು ಕರೆಸುವುದು. ಏಪ್ರಿಲ್-ಮೇ ಮದುವೆಗಳ ಕಾಲವಾದ್ದರಿಂದ ಅವರು ಹೇಗೂ ಶನಿವಾರ ಬಂದಿರುತ್ತಾರೆ, ಭಾನುವಾರಕ್ಕೂ ಉಳಿಸಿಕೊಂಡರಾಯಿತು ಎಂಬ ಲೆಕ್ಕ. ಮದುವೆ ಸಂಗೀತದ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮ ಚರ್ಚಿನಲ್ಲಿ ಕೇಳಿಬರುವ ಅಪ್ಪಟ ಬೇಸಿಗೆ ಸಂಗೀತವೆಂದರೆ ಅದೊಂದೇ. ನವದಂಪತಿ ಹೊರಬರುವಾಗ ಮೊಳಗುವ ಮೆಂಡೆಲ್ಸನ್ನನ ಮಾರ್ಚು 1842ರಲ್ಲಿ ಷೇಕ್ಸ್‌ಪಿಯರ್‌ನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕಕ್ಕೆಂದು ಮಾಡಿದ್ದು. ಮಂತ್ರದ ಮಾಯೆಯಲ್ಲಿ ಯಾರು ಯಾರನ್ನೋ ಪ್ರೀತಿಸಿ, ರಾಣಿಯೊಬ್ಬಳು ಕತ್ತೆತಲೆಯವನಿಗೆ ಮನಸೋಲುವ ನಾಟಕ ಅದು. ಮದುಮಗಳು ಒಳಬರುವಾಗಿನದು ವಾಗ್ನರನ 'ಲೋಹೆನ್‌ಗ್ರಿನ್' ಸಂಗೀತನಾಟಕದ್ದು, ಮೊದಲು ಆಡಿದ್ದು 1850ರಲ್ಲಿ. ಅಲ್ಲಿ ವಧು ಕೇಳಬಾರದ ಪ್ರಶ್ನೆ ಕೇಳಿ, ಅದೇ ರಾತ್ರಿ ಸಂಸಾರ ಮುರಿದು, ಗಂಡ ಬಿಟ್ಟುಹೋಗುತ್ತಾನೆ. ಇಷ್ಟು ಶುಭಸೂಚಕವಾದ ಎರಡು ಬಾಜಾಗಳ ನಡುವೆ ನಮ್ಮ ಮಕ್ಕಳ ಮದುವೆ ನೆಮ್ಮದಿಯಾಗಿ ನಡೆಯುತ್ತಿರುವುದು ದೇವರ ಕೃಪೆಯೇ. ಆದರೆ ಗೋಷ್ಠಿಯವರು ಕೇಳಿದ ರೇಟಿಗೆ ಖಜಾಂಚಿ ತಲೆ ತಿರುಗಿ ಕೂತರು, ಸಲಹೆ ಅಲ್ಲಿಗೇ ಬಿತ್ತು.

ಮೂರನೆಯ ಸಲಹೆಯನ್ನು ಕೊಟ್ಟದ್ದು ವಿದ್ಯುತ್ ಕಂಪನಿ.

ಪಾಸ್ಖ ಕಾಲದ ಮೂರನೇ ಭಾನುವಾರ. ಅಂದಿನ ಶುಭಸಂದೇಶ ಎಮ್ಮಾವುಸ್ ದಾರಿಯದು, ಪಾಸ್ಖ ಆದ ಕೂಡಲೇ ಊರು ಬಿಟ್ಟು ಹೊರಟ ಇಬ್ಬರು ಶಿಷ್ಯರ ಕಥೆ. ಫಾದರ್ ಪ್ರಬೋಧನೆಯಲ್ಲಿ ಯಾರ ಹೆಸರನ್ನೂ ಹೇಳಲಿಲ್ಲ. ನಿಮ್ಮ ಕಡೆಯಿಂದ ಉಳಿದಿದ್ದವರು ಪರೀಕ್ಷೆ ಬಾಕಿಯಿದ್ದ ಇಬ್ಬರು ಹುಡುಗಿಯರು. ಒಬ್ಬಳು ಕೀಬೋರ್ಡಿನ ಮುಂದೆ ಕೂತು ಗೊತ್ತಿದ್ದ ನಾಲ್ಕು ಕಾರ್ಡುಗಳನ್ನು ಹೇಗೋ ಹಿಡಿಯುತ್ತಿದ್ದಳು, ಇನ್ನೊಬ್ಬಳು ಮೈಕಿಗೆ ತುಟಿ ತಾಗಿಸಿ ಪಿಸುಗುಡುತ್ತಿದ್ದಳು. ಕಾಣಿಕೆ ಗೀತೆಯ ಎರಡನೇ ಸಾಲಿಗೆ ಕರೆಂಟು ಹೋಯಿತು. ಯುಪಿಎಸ್ಸು ಕೀ ಎಂದು ಒಮ್ಮೆ ಕೂಗಿ ಅದೂ ಸುಮ್ಮನಾಯಿತು. ಫ್ಯಾನುಗಳು ಒಂದೊಂದಾಗಿ ನಿಂತವು. ಚರ್ಚಿನ ಫ್ಯಾನು ಎಷ್ಟು ಸದ್ದು ಮಾಡುತ್ತದೆ ಅನ್ನುವುದು ನಿಂತಾಗಲೇ ತಿಳಿಯುವುದು. ಉದ್ದ ಸರಳಿಗೆ ತೂಗಿಬಿದ್ದ ಅಷ್ಟೂ ಫ್ಯಾನುಗಳ ಕಟಕಟ ಅಡಗಿದ ಮೇಲೆ, ಪಕ್ಕದವರು ಉಸಿರೆಳೆದದ್ದೂ ಕೇಳಿಸತೊಡಗಿತು.

ಹುಡುಗಿಯರು ಹೆದರಿ ನಿಲ್ಲಿಸಿಬಿಟ್ಟರು. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಹಿಂದುಗಡೆ, ಕಂಬದ ಪಕ್ಕದಿಂದ, ಒಬ್ಬ ಅಜ್ಜಿ ಬಿಟ್ಟ ಸಾಲನ್ನು ಎತ್ತಿಕೊಂಡರು. ಹುಡುಗಿಯರ ಶ್ರುತಿಯಲ್ಲಲ್ಲ, ತಮ್ಮದೇ ಶ್ರುತಿಯಲ್ಲಿ, ಏನಿಲ್ಲವೆಂದರೂ ಮೂರು ಮನೆ ಕೆಳಗೆ. ಹೆಂಗಸರ ಕಡೆ ಇಬ್ಬರು ಸೇರಿದರು, ಗಂಡಸರ ಕಡೆ ಗೊಗ್ಗರು ಗಂಟಲೊಂದು ಸೇರಿತು. ಚೆನ್ನಾಗಿತ್ತು ಎಂದು ಸುಳ್ಳು ಹೇಳಲಾರೆ. ಬಲಗಡೆಯವರು ಅರ್ಧ ಸಾಲು ಮುಂದೆ ಓಡುತ್ತಿದ್ದರು, ಎಡಗಡೆಯ ನಾವು ಪ್ರತಿ ಸ್ವರವನ್ನೂ ಎಳೆದೆಳೆದು ಹಿಂದೆ ಉಳಿಯುತ್ತಿದ್ದೆವು. ಮೂರನೇ ಚರಣಕ್ಕೆ ಶ್ರುತಿ ಇನ್ನೊಂದು ಮನೆ ಜಾರಿತ್ತು. ಆದರೆ ಎರಡು ಗುಂಪೂ ಒಂದನ್ನೊಂದು ಕೇಳಿಸಿಕೊಂಡು, ಒಂದು ನಿಧಾನಿಸಿ, ಇನ್ನೊಂದು ಚುರುಕಾಗಿ, ಕೊನೆಯ ಪಲ್ಲವಿಯ ಹೊತ್ತಿಗೆ ಕೂಡಿಕೊಂಡವು. ಪರಮಪ್ರಸಾದಕ್ಕೆ ಸಾಲಿನಲ್ಲಿ ನಡೆಯುವಾಗಲೂ ಜನ ಹಾಡುತ್ತಿದ್ದರು, ಏಕೆಂದರೆ ಕೈಯಲ್ಲಿ ಚೀಟಿ ಬೇಕಾಗಿರಲಿಲ್ಲ, ಅವು ಬಾಯಿಪಾಠವಿದ್ದ ಹಾಡುಗಳು. ಬಾಗಿಲ ಬಳಿ ಚಪ್ಪಲಿ ಕಾಯುತ್ತ ನಿಲ್ಲುವ ಗಂಡಸರು, ನಿಮಗೆ ಗೊತ್ತಲ್ಲ, ಹುಟ್ಟಿದಾಗಿನಿಂದ ಬಾಯಿ ತೆರೆಯದವರು, ಅವರೂ ಗುನುಗಿದ್ದನ್ನು ನಾನು ಕಣ್ಣಾರೆ ಕಂಡೆ.

ಕೊನೆಯ ಹಾಡಿನ ನಡುವೆ ಕರೆಂಟು ಬಂತು. ಸ್ಪೀಕರು ಡಬ್ ಎಂದಿತು, ಫ್ಯಾನುಗಳು ತಿರುಗಿದವು, ಕೀಬೋರ್ಡಿನ ಕೆಂಪು ದೀಪ ಹತ್ತಿತು. ಆ ಕ್ಷಣಕ್ಕೆ ಸರಿಯಾಗಿ ಇಡೀ ಚರ್ಚು ಹಾಡುವುದನ್ನು ನಿಲ್ಲಿಸಿತು. ಯಾರೂ ಹೇಳಲಿಲ್ಲ. ಅಧಿಕಾರಸ್ಥರು ಬಂದರು, ಇನ್ನು ನಮ್ಮ ಕೆಲಸವಲ್ಲ ಎಂದು ನಮ್ಮ ಬಾಯಿಗಳಿಗೆ ತಾವೇ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ ನೀವು ನಮಗೆ ಕೊಟ್ಟ ತರಬೇತಿ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಿಮ್ಮ ಪರವಾಗಿ ಒಂದು ಮಾತು ಹೇಳಬೇಕು. ಪೂಜೆಯ ಹಾಡುಗಳು ಹೀಗೆ ನಮ್ಮ ಕೈಗೆಟುಕದಂತೆ ಮೇಲೇರಿದ್ದಕ್ಕೆ ನೀವೊಬ್ಬರೇ ಹೊಣೆಯಲ್ಲ. ಕ್ಯಾಸೆಟ್ಟುಗಳ ಕಾಲದಲ್ಲಿ ಭಕ್ತಿಗೀತೆಗಳನ್ನು ಹಾಡಿದವರು ಸಿನಿಮಾದ ಹಿನ್ನೆಲೆ ಗಾಯಕರು. ಎರಡೂವರೆ ಸ್ಥಾಯಿ ಲೀಲಾಜಾಲವಾಗಿ ಓಡಾಡುವ ಗಂಟಲಿಗೆಂದು ಕಟ್ಟಿದ ಹಾಡನ್ನು ನೀವು ಅದೇ ಶ್ರುತಿಯಲ್ಲಿ ಎತ್ತಿಕೊಂಡಿರಿ, ಮೈಕು ನಿಮ್ಮನ್ನು ದಡ ಮುಟ್ಟಿಸಿತು. ಕೆಳಗೆ ಕೂತ ಹಾಲು ಕರೆಯುವವರು, ಗಾರ್ಮೆಂಟ್ಸಿಗೆ ಹೋಗುವವರು, ಬೆಳಿಗ್ಗೆ ಆರೂವರೆಗೆ ಇನ್ನೂ ಗಂಟಲು ಬಿಡದವರು ಎಲ್ಲಿಗೆ ಹತ್ತಬೇಕು? ಪಲ್ಲವಿಗೆ ಬಾಯಿ ತೆರೆದು, ಚರಣದಲ್ಲಿ ದನಿ ಸೀಳಿ, ಪಕ್ಕದವರು ತಿರುಗಿ ನೋಡಿ, ಅಲ್ಲಿಗೆ ಬಾಯಿ ಮುಚ್ಚಿದವರು ಮತ್ತೆ ತೆರೆಯುವುದಿಲ್ಲ. ಜೊತೆಗೆ ವಾರಕ್ಕೊಂದು ಹೊಸ ಹಾಡು. ನಾವು ಒಂದನ್ನು ಕಲಿಯುವಷ್ಟರಲ್ಲಿ ನಿಮಗದು ಹಳಸಿರುತ್ತದೆ.

ಸಂತ ಅಗಸ್ತೀನರು ತಮ್ಮ 'ಆತ್ಮನಿವೇದನೆ'ಯ ಹತ್ತನೇ ಭಾಗದಲ್ಲಿ ಒಂದು ಪಾಪವನ್ನು ಒಪ್ಪಿಕೊಳ್ಳುತ್ತಾರೆ. ಹಾಡಿನ ಅರ್ಥಕ್ಕಿಂತ ಹಾಡಿಕೆಯೇ ತಮ್ಮನ್ನು ಹೆಚ್ಚು ಸೆಳೆದಾಗ ತಾವು ತಪ್ಪು ಮಾಡಿದಂತೆ ಎಂದು ಅವರಿಗೆ ಕಳವಳ. ನಮ್ಮ ಧರ್ಮಕೇಂದ್ರದಲ್ಲಿ ಆ ಪಾಪಕ್ಕೆ ನೀವು ಆಸ್ಪದವನ್ನೇ ಕೊಟ್ಟಿಲ್ಲ. ಎಕೋ ಇಟ್ಟ ಮೈಕಿನಲ್ಲಿ ಅರ್ಥ ಕೇಳಿಸುವುದಿಲ್ಲ, ಬೀಟಿನ ಅಬ್ಬರದಲ್ಲಿ ಹಾಡಿಕೆಯೂ ಕೇಳಿಸುವುದಿಲ್ಲ. ನಿಮ್ಮ ಪಾಲಕಿ ಸಂತ ಸಿಸಿಲಿಯಾ ವಿಷಯಕ್ಕೆ ಬಂದರೆ, ಸಂಗೀತಗಾರರು ಆಕೆಯನ್ನು ಪಾಲಕಿಯೆಂದು ಹಿಡಿದುಕೊಂಡದ್ದು ಪುರಾತನ ಚರಿತೆಯ ಒಂದು ಸಾಲಿನಿಂದ: ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ಅವುಗಳ ಕಡೆ ಗಮನ ಕೊಡದೆ ಮನಸ್ಸಿನೊಳಗೇ ದೇವರಿಗೆ ಹಾಡುತ್ತಿದ್ದಳಂತೆ. ಪ್ರತಿ ಭಾನುವಾರ ನಿಮ್ಮ ಸ್ಪೀಕರಿನ ಕೆಳಗೆ ಕೂತ ನಾವು ಮಾಡುವುದು ಅದನ್ನೇ. ನವೆಂಬರ್ 22ಕ್ಕೆ ನೀವು ಕೇಕು ಕತ್ತರಿಸುವಾಗ ನಮಗೂ ಒಂದು ತುಂಡು ಸಲ್ಲಬೇಕು.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ಮೇ ತಿಂಗಳಲ್ಲಿ ನೀವು ಊರಲ್ಲಿರುವುದಿಲ್ಲ. ಅದು ಮಾತೆ ಮರಿಯಮ್ಮನವರ ತಿಂಗಳು. ಸಂಜೆ ಸ್ವರೂಪವನ್ನು ಮನೆಯಿಂದ ಮನೆಗೆ ತೆಗೆದುಕೊಂಡು ಹೋಗಿ ಜಪಸರ ಮಾಡುತ್ತೇವೆ. ಹತ್ತು ಅಡಿಯ ಹಾಲು, ಒಂದು ಚಾಪೆ, ಟೀವಿಯ ಮೇಲೆ ಬಟ್ಟೆ ಮುಚ್ಚಿ ಅದರ ಮುಂದೆ ಮಲ್ಲಿಗೆ ಹಾರ ಹಾಕಿದ ಮಾತೆ. ವಾದ್ಯವಿಲ್ಲ, ಮೈಕಿಲ್ಲ. ಅಲ್ಲಿ ಎಲ್ಲರೂ ಹಾಡುತ್ತಾರೆ! ಒಂದೊಂದು ರಹಸ್ಯದ ನಡುವೆ ಒಂದೊಂದು ಚರಣ, ಮನೆಯ ಯಜಮಾನತಿ ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ, ಮಕ್ಕಳು ಕೊನೆಯ ಪದವನ್ನು ಕಿರಿಚುತ್ತಾರೆ. ಆಮೇಲೆ ಪಾನಕ, ಕಡಲೆಕಾಳು ಉಸಲಿ. ಅದೇ ಜನ ಭಾನುವಾರ ಚರ್ಚಿನಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಬುಧವಾರ ಇದ್ದ ಗಂಟಲು ಭಾನುವಾರದ ಹೊತ್ತಿಗೆ ಎಲ್ಲಿಗೆ ಹೋಗುತ್ತದೆ ಎಂದು ಪಾಲನಾ ಮಂಡಳಿಯಲ್ಲಿ ಕೇಳಿದೆ. ಯಾರೋ ಸೆಖೆ ಎಂದರು.

ನೋಡಿದರೆ ನಮಗೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಒಬ್ಬರು ಒಂದು ಸಾಲು ಹೇಳಿಕೊಡುವುದು, ಎಲ್ಲರೂ ಹಿಂದಿನಿಂದ ಹೇಳುವುದು ಕನ್ನಡ ನಾಡಿನ ಭಜನೆಮನೆಗಳಲ್ಲಿ ಇದ್ದೇ ಇದೆ. ಭಾರತದ ಪೂಜಾವಿಧಿಗೆ ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ ಎತ್ತುವುದು ಸೇರಿದಂತೆ 12 ಅಂಶಗಳ ಅಳವಡಿಕೆಗೆ ರೋಮ್ ಒಪ್ಪಿದ್ದು 1969ರಲ್ಲಿ. ಅದರ ಕೆಲಸ ನಡೆದದ್ದು ಅದಕ್ಕೆ ಎರಡು ವರ್ಷ ಮೊದಲು ನಮ್ಮ ಬೆಂಗಳೂರಿನಲ್ಲೇ ಶುರುವಾದ ರಾಷ್ಟ್ರೀಯ ಕೇಂದ್ರದಲ್ಲಿ, ಫಾದರ್ ಅಮಲೋರ್‌ಪವದಾಸ್ ಅವರ ಮುಂದಾಳ್ತನದಲ್ಲಿ. ಇನ್ನೂ ಹಿಂದೆ, ನಿಘಂಟಿನ ಕಿಟೆಲ್ ಸಾಹೇಬರು 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗಿಳಿಸಿ 'ಕಥಾಮಾಲೆ' ಬರೆದಿದ್ದರು. ಜರ್ಮನಿಯಿಂದ ಬಂದವರಿಗೆ ನಮ್ಮ ಧಾಟಿ ಬೇಕಾಯಿತು, ನಮಗೆ ಕೀಬೋರ್ಡಿನ ಬಾಸ್ಸಾನೋವ ಬೀಟು. ಕರಾವಳಿಯ ಕೊಂಕಣಿ ಕ್ರೈಸ್ತರಂತೂ 18ನೇ ಶತಮಾನದಲ್ಲಿ ಫಾದರ್ ಜೋಕಿಂ ಮಿರಾಂದ ಬರೆದ ಯೇಸುವಿನ ಪಾಡಿನ ಹಾಡನ್ನು ತಪಸ್ಸು ಕಾಲದಲ್ಲಿ ಇಂದಿಗೂ ಹಾಡುತ್ತಾರೆ. ಅದನ್ನು ಇಷ್ಟು ಕಾಲ ಉಳಿಸಿದ್ದು ಯಾವ ಸೌಂಡ್ ಸಿಸ್ಟಮ್ಮೂ ಅಲ್ಲ, ಬೆಂಚುಗಳಲ್ಲಿ ಕೂತವರ ಬಾಯಿ.

ಆದ್ದರಿಂದ ನಿಮ್ಮ ರಜೆಯಲ್ಲಿ ನಾವು ಸ್ವಲ್ಪ ದಂಗೆ ಎದ್ದಿದ್ದೇವೆ, ಕ್ಷಮೆಯಿರಲಿ. ಪಂಚಾಶತ್ತಮದವರೆಗೆ ಆರೇ ಹಾಡು, ಅದೂ ಎಲ್ಲರಿಗೂ ಗೊತ್ತಿರುವಂಥವು, ವಾರ ವಾರ ಅವೇ. ಮೊದಲ ವಾರ ಬೇಜಾರು ಅಂದವರು ಮೂರನೇ ವಾರ ಎರಡನೇ ದನಿ ಹಾಕುತ್ತಿದ್ದಾರೆ, ತಪ್ಪಾಗಿಯೇ ಹಾಕಲಿ. ಶ್ರುತಿ ಆ ಅಜ್ಜಿಯದು. ಅವರಿಗೆ ಬಾರದ ಸ್ವರ ನಮಗೂ ಬೇಡವೆಂದು ತೀರ್ಮಾನವಾಗಿದೆ. ಕೀರ್ತನೆಯನ್ನು ಓದಿ ಮುಗಿಸುವ ಬದಲು ಅಂದು ಮೈಕಿಗೆ ಪಿಸುಗುಡುತ್ತಿದ್ದ, ಪರೀಕ್ಷೆ ಮುಗಿಸಿದ ಆ ಹುಡುಗಿ ಒಬ್ಬಳೇ ಹಾಡುತ್ತಾಳೆ, ನಾವು ಒಂದೇ ಒಂದು ಪಲ್ಲವಿ ಹೇಳುತ್ತೇವೆ. ಮೈಕು ಇಲ್ಲದಿದ್ದರೆ ಅವಳಿಗೆ ಎಷ್ಟು ದೊಡ್ಡ ದನಿಯಿದೆ ಗೊತ್ತೇ? ಅದನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ? ಬೇಸಿಗೆ ಶಿಬಿರಕ್ಕೆ ಬಂದ ಮಕ್ಕಳಿಗೆ ಸಿಸ್ಟರ್ ಮಹಿಮಾಗೀತೆ ಕಲಿಸುತ್ತಿದ್ದಾರೆ, ಮೊದಲ ಪರಮಪ್ರಸಾದದ ದಿನ ಅವರೇ ಮುಂದೆ ನಿಂತು ನಮ್ಮನ್ನು ಹಾಡಿಸಬೇಕು. ಪ್ರಸಾದ ಸ್ವೀಕರಿಸಿದ ಮೇಲೆ ನೀವು ಎರಡನೆಯದು, ಮೂರನೆಯದು ಎಂದು ಹಾಡುತ್ತಿದ್ದ ಜಾಗದಲ್ಲಿ ಈಗ ಏನೂ ಹಾಡುವುದಿಲ್ಲ, ಸುಮ್ಮನೆ ಕೂರುತ್ತೇವೆ. ಪೂಜೆಯ ಪುಸ್ತಕದಲ್ಲೇ ಹಾಗೆ ಇದೆಯಂತೆ, ನಾವು ಓದಿರಲಿಲ್ಲ. ಮೊದಲೆರಡು ವಾರ ಜನ ಏನೋ ಮರೆತುಹೋಗಿದೆ ಎಂದು ಹಿಂದೆ ತಿರುಗಿ ತಿರುಗಿ ನೋಡಿದರು.

ಸಾಮಾನಿನ ಕೋಣೆಯಿಂದ ಹಳೆಯ ಹಾರ್ಮೋನಿಯಮ್ಮನ್ನೂ ಹೊರತೆಗೆದಿದ್ದೇವೆ. ತಿದಿಯನ್ನು ಇಲಿ ಕಡಿದಿತ್ತು, ಚಪ್ಪಲಿ ಹೊಲೆಯುವವರು ಚರ್ಮದ ತೇಪೆ ಹಾಕಿಕೊಟ್ಟರು. ಪರದೇಶದಿಂದ ಬಂದ ವಾದ್ಯವೆಂದು ಆಕಾಶವಾಣಿ 1940ರಿಂದ 30 ವರ್ಷ ಇದನ್ನು ಹೊರಗಿಟ್ಟಿತ್ತು. ನೀವು ಹೊರಗಿಟ್ಟದ್ದು ಈ ನೆಲದ್ದು ತೀರಾ ಹೆಚ್ಚಾಯಿತೆಂದು. ಎರಡು ಕಡೆಯ ಬಹಿಷ್ಕಾರವನ್ನೂ ಉಂಡ ಆ ಬಡಪಾಯಿ ಈಗ ಆರಂಭದ ಸ್ವರ ಕೊಟ್ಟು ಸುಮ್ಮನಾಗುತ್ತದೆ. ಅಷ್ಟೇ ಕೆಲಸ.

ಇನ್ನು ನನ್ನ ವಿನಂತಿ. ಟಿಕೇಟು ಮುಂದಕ್ಕೆ ಹಾಕಿಸಿಕೊಳ್ಳಲು ಅನುಕೂಲವಿದ್ದರೆ ಹಾಕಿಸಿಕೊಳ್ಳಿ. ಊಟಿಯ ಹವೆ ಜೂನಿನಲ್ಲೂ ಚೆನ್ನಾಗಿರುತ್ತದೆಂದು ಕೇಳಿದ್ದೇನೆ. ಪಂಚಾಶತ್ತಮದ ದಿನ ಅಲ್ಲೆಲೂಯಕ್ಕೆ ಮೊದಲು ಹಾಡಬೇಕಾದ ಆ ಉದ್ದನೆಯ ಪವಿತ್ರಾತ್ಮರ ಗೀತೆಗೆ ನಿಮ್ಮಲ್ಲಿ ಒಬ್ಬಿಬ್ಬರು ಬಂದರೆ ಉಪಕಾರ, ನಮಗದು ಇನ್ನೂ ಸರಿಯಾಗಿ ಕೂತಿಲ್ಲ. ಬಂದವರು ಮೇಲೆ ನಿಮ್ಮ ಜಾಗಕ್ಕೆ ಹೋಗದೆ ಬೆಂಚುಗಳ ನಡುವೆ, ಜನರ ಜೊತೆ ನಿಂತರೆ ಇನ್ನೂ ಉಪಕಾರ. ಜೂನ್ ಮೊದಲ ವಾರ ಸ್ಕೂಲು ತೆರೆದ ಮೇಲೆ ಎಲ್ಲರೂ ಬರುತ್ತೀರಿ, ಬರಬೇಕು. ನಾಲ್ಕು ದನಿಯ ಹಾಡು ನಮ್ಮಿಂದಾಗುವುದಿಲ್ಲ, ಕ್ರಿಸ್ಮಸ್ಸಿಗೆ ಅದು ಬೇಕೇ ಬೇಕು. ಕೀಬೋರ್ಡೂ ಇರಲಿ, ಬೀಟಿನ ಗುಂಡಿಗೆ ಮಾತ್ರ ಪ್ಲಾಸ್ಟರು ಅಂಟಿಸಿದ್ದೇವೆ, ಕೀಳಬೇಡಿ.

ಇಂತಿ,
ಎಡಗಡೆ ಬೆಂಚಿನವನು

ತಾ.ಕ.: ಜನರಿಗೆಂದು ಹಿಂದಿನ ಫಾದರ್ ಮಾಡಿಸಿಕೊಟ್ಟಿದ್ದ ಹಾಡಿನ ಪುಸ್ತಕಗಳು ನಿಮ್ಮ ಬೀರುವಿನಲ್ಲಿವೆ ಎಂದು ಉಪದೇಶಿಗಳು ಹೇಳುತ್ತಾರೆ. ಗಾಜಿನ ಕಿಂಡಿಯಿಂದ ನೋಡಿದೆ, ಹೌದು, ಕಟ್ಟೂ ಬಿಚ್ಚಿಲ್ಲ. ಬೀಗದ ಕೈ ನಿಮ್ಮಲ್ಲಿ ಯಾರ ಬಳಿ ಇದೆಯೋ ತಿಳಿಸಿ. ಈ ಕಡೆ ಬರುವ ಯಾವುದಾದರೂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟುಕಳಿಸಿದರೂ ನಡೆಯುತ್ತದೆ, ನಾನು ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುತ್ತೇನೆ.